ರನ್‌ವೇ ಮೇಲೆ ಚೆಲ್ಲಿದ ಉಪ್ಪು

ನಾನು ಚಿಕ್ಕವಳಿದ್ದಾಗ ಗುಮ್ಮಘಟ್ಟದ ಕಡೆಯ ನಮ್ಮೂರಿನ ಪಕ್ಕದಲ್ಲೇ ಒಂದು ಪುಟ್ಟ ವಿಮಾನ ನಿಲ್ದಾಣವಿತ್ತು. ಒಂದು ರನ್‌ವೇ, ತಗಡಿನ ಕೋಣೆ, ಸುತ್ತ ತಂತಿ ಬೇಲಿ. ವಾರಕ್ಕೊಮ್ಮೆ ಸಣ್ಣ ವಿಮಾನವೊಂದು ಬರುತ್ತಿತ್ತು. ನಿಲ್ದಾಣದ ಆಚೆ ಕೆರೆ, ಈಚೆ ನಮ್ಮ ಕುರಿಗಳು. ಮಧ್ಯಾಹ್ನ ಗೇಟು ತೆರೆಸಿಕೊಂಡು ಅವನ್ನು ನೀರಿಗೆ ಅಟ್ಟುತ್ತಿದ್ದೆವು.

ಆ ಬೇಸಿಗೆಯಲ್ಲಿ ಹೊಸ ಕಾವಲುಗಾರ ಬಂದ. ಅಕ್ಕ ಎಷ್ಟು ಬೇಡಿಕೊಂಡರೂ ಗೇಟು ತೆರೆಯಲಿಲ್ಲ. "ಕುರಿ ಸತ್ರ ನನಗೇನು? ಗುಡ್ಡ ಸುತ್ಕೊಂಡು ಹೋಗ್ರಿ" ಎಂದು ನಮ್ಮೆದುರೇ ಕೊಡದ ನೀರಿನಲ್ಲಿ ಕಾಲು ತೊಳೆದುಕೊಂಡ. ಕಾದ ಕಲ್ಲುಗಳ ಮೇಲೆ ಗುಡ್ಡ ಸುತ್ತುವಷ್ಟರಲ್ಲಿ, ಆಗಷ್ಟೇ ಹುಲ್ಲು ಕಚ್ಚಲು ಕಲಿತಿದ್ದ ನನ್ನ ಮರಿ ನನ್ನ ತೋಳಲ್ಲೇ ಸತ್ತುಹೋಯಿತು. ಅದರ ಮೈಯ ಹಾಲುವಾಸನೆ ಇನ್ನೂ ಹೋಗಿರಲಿಲ್ಲ. ನಾನು ಅಳಲಿಲ್ಲ. ನನಗೆ ಆ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಬೇಕಿತ್ತು.

ನಮ್ಮಲ್ಲಿ ಚಪ್ಪಡಿ ಕಲ್ಲಿನ ಮೇಲೆ ಉಪ್ಪು ಚೆಲ್ಲಿ ಕುರಿಗಳಿಗೆ ನೆಕ್ಕಿಸುತ್ತಾರೆ. ಉಪ್ಪು ಮುಗಿಯುವವರೆಗೆ ಹೊಡೆದರೂ ಅವು ಕದಲುವುದಿಲ್ಲ. ಮರುದಿನ ವಿಮಾನದಲ್ಲಿ ದೊಡ್ಡ ಸಾಹೇಬರು ಬರುವವರಿದ್ದರು. ಅದು ಬರುವ ಹೊತ್ತಿಗೆ ಅಕ್ಕನೂ ನಾನೂ ಮಡಿಲ ತುಂಬ ಕಲ್ಲುಪ್ಪು ಕಟ್ಟಿಕೊಂಡು, ಹಳ್ಳ ಹರಿಯುವಲ್ಲಿ ಬೇಲಿಯ ಕೆಳಗೆ ನುಸುಳಿ, ರನ್‌ವೇ ಉದ್ದಕ್ಕೂ ಎರಚಿದೆವು. ಹಿಂದೆಯೇ ಕುರಿಗಳೂ ನುಗ್ಗಿದವು.

ಕಾವಲುಗಾರ ಕೂಗಿದ, ಕೋಲು ಬೀಸಿದ, ಎಡವಿ ಬಿದ್ದ. ವಿಮಾನ ಎರಡು ಸುತ್ತು ಹಾಕಿ ಬಂದ ದಾರಿಯಲ್ಲೇ ಹಿಂತಿರುಗಿತು. ನಾನು ಬೇಲಿಯ ಹೊರಗೆ ನಿಂತು ಹೊಟ್ಟೆ ತುಂಬ ನಕ್ಕೆ.

ಸಂಜೆ ಸಾಹೇಬರು ಜೀಪಿನಲ್ಲಿ ಬಂದು ಅಪ್ಪನನ್ನು ಕರೆಸಿದರು. ಉಪ್ಪಿನ ವಿಷಯ ಅಪ್ಪನಿಗೆ ಗೊತ್ತಾಗಿತ್ತು. ಆದರೂ ಟವೆಲ್ಲನ್ನು ಕಂಕುಳಲ್ಲಿಟ್ಟುಕೊಂಡು, "ಕುರಿಗೇನು ಗೊತ್ತಾಗ್ತದ್ರಿ ಸಾರ್. ನೀರಿಗೆ ದಾರಿ ಕೊಟ್ರ ಅವು ಇಲ್ಲಿ ಯಾಕ ನಿಲ್ತಾವ್ರಿ?" ಎಂದಷ್ಟೇ ಹೇಳಿದರು. ಮರುದಿನದಿಂದ ಗೇಟು ತೆರೆಯಿತು. ತೆರೆಯುತ್ತಿದ್ದವನು ಅದೇ ಕಾವಲುಗಾರ. ಅವನು ಬಿಸಿಲಲ್ಲಿ ಒಣಗಲಿ ಎಂದು ನಾನು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಆ ನಿಲ್ದಾಣ ಮುಚ್ಚಿಹೋಯಿತು. ಈಗ ಡಾಂಬರಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿದೆ. ಮಕ್ಕಳೇ, ನೀವು ಎಲ್ಲೋ ದೂರದಲ್ಲಿ ವಿಮಾನ ಇಳಿದು, ಬಸ್ಸು, ಆಟೋ ಬದಲಿಸಿ, ಸುಸ್ತಾಗಿ ವರ್ಷಕ್ಕೊಮ್ಮೆ ಬರುತ್ತೀರಿ. "ಇಲ್ಲೇ ವಿಮಾನ ಇಳಿಯೋ ಹಾಗಿದ್ರೆ ತಿಂಗಳಿಗೊಮ್ಮೆ ಬರ್ತಿದ್ವಿ ಅಜ್ಜಿ" ಅನ್ನುತ್ತೀರಿ. ನಿಮ್ಮನ್ನು ತಿಂಗಳಿಗೊಮ್ಮೆ ನೋಡುವ ಆಸೆ ನನಗೂ ಇದೆ. ಆದರೂ ಆ ನಿಲ್ದಾಣ ಮುಚ್ಚಿದ ದಿನ, ತೋಳಲ್ಲೇ ಸತ್ತ ನನ್ನ ಮರಿಯನ್ನು ನೆನೆದು ಊರಿಗೆಲ್ಲ ಬೆಲ್ಲ ಹಂಚಿದವಳು ನಾನೇ. ಇವತ್ತು ಮುಚ್ಚಿದ್ದರೂ ಹಂಚುತ್ತಿದ್ದೆ.