ಕುರಿ ಮೇಯಿಸಬಾರದು ಎಂಬ ಬೋರ್ಡು

ಗೆಳೆಯರೇ, ಇವತ್ತು ಬಂದಳಿಕೆ ಊರಿನಲ್ಲಿ ನನ್ನ ಬರವಣಿಗೆಯ ವಿಮರ್ಶೆ ನಡೆಯಿತು. ಎರಡು ಸಲ ಕುರಿ ನುಗ್ಗಿ ಮೆಕ್ಕೆಜೋಳದ ಪೈರು ಹಾಳಾದ ಮೇಲೆ, ಹೊಲದ ಒಡೆಯ ಬಸಣ್ಣ ನನ್ನಿಂದ ‘ಇಲ್ಲಿ ಕುರಿ ಮೇಯಿಸಬಾರದು’ ಎಂದು ಬೋರ್ಡು ಬರೆಸಿ ಬದುವಿನ ಮೇಲೆ ನೆಟ್ಟ.

ಕುರಿ ಕಾಯುವ ಹಾಲವ್ವ ನಿಂತು ಕೇಳಿದಳು. “ಇದನ್ನ ಯಾರಿಗೆ ಬರ್ದೀಯೋ ತಮ್ಮಾ? ನಂಗೂ ಓದಾಕೆ ಬರಲ್ಲ, ಕುರಿಗೂ ಬರಲ್ಲ. ಗುಡಿ ಮುಂದಿನ ಶಾಸನ ನೋಡು, ನಮ್ಮಂಥೋರಿಗೆ ಅಂತ ಮೇಲೆ ಸೂರ್ಯ, ಚಂದ್ರ, ಹಸು ಕೆತ್ತ್ಯಾರೆ.”

ಹೌದಲ್ಲ ಅನ್ನಿಸಿತು. ಅಕ್ಷರ ಅಳಿಸಿ, ಒಂದು ಮುದ್ದಾದ ಕುರಿಯನ್ನೂ ಅದರ ಮುಂದೆ ಹಸಿರು ಪೈರನ್ನೂ ಬಿಡಿಸಿದೆ. ಹಾಲವ್ವ ದೂರದಿಂದ, ಹತ್ತಿರದಿಂದ ನೋಡಿದಳು.

“ಈಗ ತಿಳೀತು ಬಿಡು. ಕುರಿ ಇಲ್ಲೇ ಮೇಯಿಸ್ರಿ ಅಂತ ಅಲ್ವಾ?”

ಬಸಣ್ಣ ಬೇಲಿಗೆ ಮುಳ್ಳು ಕಡಿಯಲು ಹೋದ. ಅದನ್ನು ಕುರಿಗಳೂ ಓದುತ್ತವೆ.