ಮಾತಾಡದೆ ತರಬೇಕಿದ್ದ ಸೊಪ್ಪು

ನಮ್ಮ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಮಳೆಗಾಲಕ್ಕೊಮ್ಮೆ ಇಬ್ಬರು ಆಳುಗಳು ಯಂತ್ರ ತಂದು ಹುಲ್ಲು ಕಸ ಕೊಯ್ಯುತ್ತಾರೆ. ಆಗ ಏಳುವ ಹಸಿ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು, ಹಾಲಿನ ಪಾತ್ರೆಯ ಮೇಲೆ, ಆಗಷ್ಟೇ ಒರೆಸಿಟ್ಟ ಕಟ್ಟೆಯ ಮೇಲೆ ಕೂತುಬಿಡುತ್ತದೆ. ಏನು ಘಮ ಅಲ್ರಿ ಎಂದು ಪಕ್ಕದ ಮನೆಯವರು ಅನ್ನುತ್ತಾರೆ. ಹೌದ್ರಿ ಎಂದು ನಾನು ಕಿಟಕಿ ಹಾಕಿಕೊಳ್ಳುತ್ತೇನೆ. ಆ ವಾಸನೆಯಲ್ಲಿ ಒಂದು ಎಳೆ ಕಹಿ ಇರುತ್ತದೆ. ಅದರ ಹಿಂದೆಯೇ ಹುಳಿ ಮಜ್ಜಿಗೆ, ಕಲ್ಲಿನ ಒರಳು, ಅವ್ವನ ಹಳದಿ ಉಗುರುಗಳು ಎಲ್ಲ ಒಟ್ಟಿಗೆ ಬರುತ್ತವೆ. ನಿಮ್ಮೊಳಗೂ ಇಂಥದೊಂದು ವಾಸನೆ ಇದ್ದೀತು. ಯಾವ ಕಿಟಕಿ ಹಾಕಿದರೂ ಅದು ಹೊರಗೆ ನಿಲ್ಲುವುದಿಲ್ಲ.

ಈಗ ಅಂಗಡಿಗಳ ಸಾಲೊಂದು ನಿಂತಿರುವ ಜಾಗದಲ್ಲಿ, ಕಮರಿಪೇಟೆಯಲ್ಲಿ, ನಮ್ಮ ಮನೆಯಿತ್ತು. ಅಪ್ಪನದು ಕಾಳಿನ ವ್ಯಾಪಾರ. ಊರಾಚೆಯ ಸುಳ್ಳ ಎಂಬ ಹಳ್ಳಿಯಲ್ಲಿ ನಾಲ್ಕೆಕರೆ ಎರೆಹೊಲ. ಅಪ್ಪನ ತಾಯಿ, ನಮ್ಮ ಆಯಿ, ಮಳೆ ಹಿಡಿದು ಹೊಲದ ಬದುಗಳು ಹಸಿರಾದವೆಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಣೆಯ ವಿಭೂತಿ ಬೆವರಿನಲ್ಲಿ ಕರಗುವವರೆಗೆ ಬದುವಿನ ಮೇಲೆ ಬಗ್ಗಿಕೊಂಡೇ ನಡೆಯುತ್ತಿದ್ದಳು. ರವಿವಾರ ನನ್ನನ್ನೂ ಕರೆದೊಯ್ದು, ಕಣ್ಣು ಮುಚ್ಚಿಸಿ, ಕೈಯಲ್ಲಿ ಒಂದೊಂದೇ ಎಲೆ ಇಡುತ್ತಿದ್ದಳು. ಮುರಿದಾಗ ಹಾಲು ಅಂಟಿದರೆ ಹಕ್ಕರಕಿ ಸೊಪ್ಪು, ನೀರು ಒಸರಿದರೆ ಗೋಳಿ ಸೊಪ್ಪು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರು ಎಲ್ಲದಕ್ಕೂ ಮೊದಲು ಹೆಸರು ಹೇಳಿಸುತ್ತಿದ್ದರು. ಆಯಿ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಹೇಳುತ್ತಿದ್ದಳು. ಒಂದು ಸೊಪ್ಪಿನ ಹೆಸರನ್ನಂತೂ ಹೇಳಲೇ ಇಲ್ಲ. ಅದು ಕಾಮಣಿಯ ಔಷಧದ್ದು. ಕಣ್ಣು ಹಳದಿಯಾದವರು ಎಲ್ಲೆಲ್ಲಿಂದಲೋ ನಮ್ಮ ಕಟ್ಟೆಗೆ ಬಂದು ಕೂತಿರುತ್ತಿದ್ದರು. ಆ ಸೊಪ್ಪನ್ನು ಹೊತ್ತು ಮೂಡುವ ಮೊದಲು ಕೀಳಬೇಕು, ಹೊಸ್ತಿಲು ದಾಟಿದಾಗಿನಿಂದ ತಿರುಗಿ ಬಂದು ಕೆಳಗಿಡುವವರೆಗೆ ತುಟಿ ಬಿಚ್ಚಬಾರದು, ಗಂಡಸರು ಹತ್ತಿರ ಬರಬಾರದು. ಗುರುತನ್ನು ಇನ್ನೊಬ್ಬರಿಗೆ ಹೇಳಿದರೆ, ಹೇಳಿದವರ ಕೈಗುಣ ಅಲ್ಲಿಗೇ ಮುಗಿಯಿತು.

ನನಗೆ ಹನ್ನೊಂದು ತುಂಬಿದ ಮಳೆಗಾಲದಲ್ಲಿ ಅವ್ವ ಮಲಗಿದಳು. ಡಾಕ್ಟರು ಬಂದು ಹೋಗುತ್ತಿದ್ದರು, ಗುಳಿಗೆಗಳೂ ನಡೆದಿದ್ದವು. ಆದರೂ ದಿನದಿನಕ್ಕೆ ಹಳದಿ ಏರುತ್ತಲೇ ಹೋಯಿತು. ಅವಳ ಬಿಳಿ ತಲೆದಿಂಬಿನ ಮೇಲೂ ಅದರ ನೆರಳು ಬಿದ್ದಂತೆ ಕಾಣುತ್ತಿತ್ತು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆಯಿಗೆ ಅದೇ ವಾರ ಕಣ್ಣಿನ ಪೊರೆ ತೆಗೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎರಡು ದಿನ ಗೋಡೆ ಹಿಡಿದು ಒಳಗೂ ಹೊರಗೂ ಓಡಾಡಿದವಳು, ಮೂರನೆಯ ದಿನ ಸಂಜೆ ನನ್ನನ್ನು ದೇವರ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಇದನ್ನ ನಿನಗ ಹೇಳಿದ್ನೆಂದ್ರ ನನ್ನ ಕೈಯಾಗ ಇನ್ನೇನೂ ಉಳಿಯೂದಿಲ್ಲ, ಉಮಾ. ಹೋದ್ರ ಹೋಗವಲ್ದ್ಯಾಕ. ನಿಮ್ಮವ್ವ ಉಳದ್ರ ಸಾಕು."

ಹುಣಸೆ ಎಲೆಯಂಥ ಸಣ್ಣ ಎಲೆ, ಎಲೆಯ ಬೆನ್ನಿಗೆ ಸಾಸಿವೆಯಷ್ಟು ಕಾಯಿಗಳ ಸಾಲು, ನಾಲಿಗೆಗೆ ಕಹಿ: ಇಷ್ಟು ಗುರುತು ಕೊಟ್ಟಳು. ಬೇರೆ ಯಾವುದನ್ನೂ ಅದರೊಳಗೆ ಬೆರೆಸಬಾರದೆಂದಳು.

ಮರುದಿನ ನಸುಕಿನಲ್ಲಿ ಅಪ್ಪ ಸ್ಕೂಟರಿನ ಮೇಲೆ ಸುಳ್ಳಕ್ಕೆ ಕರೆದೊಯ್ದು ರಸ್ತೆಯಲ್ಲೇ ನಿಂತ. ನಮ್ಮ ಹೊಲದಲ್ಲಿ ಕಸ ತೆಗೆಯುವ ಕಲ್ಲವ್ವ ಜೊತೆಗೆ ಬಂದಳು. ಅರೆಗತ್ತಲಲ್ಲಿ ಸಣ್ಣ ಎಲೆ ಕಂಡೆ, ಬೆನ್ನಿಗೆ ಹೊಳೆಯುವ ಕಾಯಿ ಕಂಡೆ, ಮಡಿಲು ತುಂಬ ಕಿತ್ತೆ. ಮನೆಗೆ ಬರುವಷ್ಟರಲ್ಲಿ ಒಂದು ಕಾಯಿಯೂ ಇರಲಿಲ್ಲ. ನಾನು ಕಾಯಿ ಅಂದುಕೊಂಡದ್ದು ಇಬ್ಬನಿ. ಆಯಿ ಎಲೆಯ ಬೆನ್ನ ಮೇಲೆ ಬೆರಳಾಡಿಸಿ ಬೈಯಲಿಲ್ಲ. ನಾಳೆ ಮತ್ತ ಹೋಗು ಎಂದಷ್ಟೇ ಹೇಳಿ ಸೊಪ್ಪನ್ನು ದನಕ್ಕೆ ಹಾಕಿಸಿದಳು. ಒಂದು ದಿನ ಹಾಗೆ ಹೋಯಿತು. ಸಂಜೆ ಅವ್ವ ನನ್ನ ಜಡೆ ಹಿಡಿದುಕೊಂಡು, ಇಷ್ಟೊತ್ತು ಸುಮ್ಮನಿರುವುದನ್ನು ನಿನಗೆ ಕಲಿಸಿದಾಕಿ ನಿಮ್ಮ ಆಯಿ ಒಬ್ಬಾಕಿನ ನೋಡು ಎಂದು ನಕ್ಕಳು. ನಗು ಮುಗಿಯುವ ಮೊದಲೇ ದಣಿದಳು.

ಎರಡನೆಯ ದಿನ ಒಂದೊಂದು ಎಲೆಯನ್ನೂ ಮುಟ್ಟಿ ನೋಡಿದೆ. ಖರೇ ಕಾಯಿಗಳೇ ಸಿಕ್ಕವು. ಆದರೆ ಎರಡು ಬಗೆಯ ಗಿಡಗಳಲ್ಲಿ. ಎರಡಕ್ಕೂ ಅದೇ ಎಲೆ, ಅದೇ ಕಾಯಿಸಾಲು, ಎರಡೂ ಕಹಿ. ಒಂದರ ದಂಟು ಮಾತ್ರ ಕೆಂಪಗಿತ್ತು, ಇನ್ನೊಂದರದು ಹಸಿರು. ದಂಟಿನ ಸುದ್ದಿಯನ್ನೇ ಆಯಿ ಎತ್ತಿರಲಿಲ್ಲ. ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ತಂದಿದ್ದರೆ ಆಯಿಯ ಬೆರಳೇ ಹೇಳುತ್ತಿತ್ತು. ಅಷ್ಟು ಸಾದಾ ಮಾತು ಅವತ್ತು ನನಗೆ ಹೊಳೆಯಲಿಲ್ಲ. ಮೂಡಣದಲ್ಲಿ ಮೋಡದ ಅಂಚು ಬೆಳ್ಳಗಾಗುತ್ತಿತ್ತು. ಒಂದೊಂದು ಕೈಯಲ್ಲಿ ಒಂದೊಂದು ಗಿಡ ಹಿಡಿದು ನಿಂತ ನನ್ನನ್ನು ಕಲ್ಲವ್ವ ನೋಡಿದಳು.

"ಇಂಗ್ಲಿಷ್ ಸಾಲ್ಯಾಗ ಬಾಯಿ ಹೊಲಿದು ಕಳಿಸ್ಯಾರೇನ ಯವ್ವಾ? ಏನ ಬೇಕ ಹೇಳು, ಕಿತ್ತ ಕೊಡ್ತೇನಿ."

ಇವತ್ತೂ ತಪ್ಪಿದರೆ ಅವ್ವನಿಗೆ ಇನ್ನೊಂದು ದಿನ ಇಲ್ಲ ಎಂದು ನನಗೆ ಅನ್ನಿಸಿತು. ಎರಡೂ ಕೈ ಮುಂದೆ ಚಾಚಿ, "ಇದರಾಗ ಯಾವುದು?" ಎಂದು ಕೇಳಿಬಿಟ್ಟೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

ಕಲ್ಲವ್ವನಿಗೆ ಆಯಿಯ ಗುಟ್ಟು ಗುಟ್ಟೇ ಆಗಿರಲಿಲ್ಲ. "ಇಬ್ರೂ ಅಕ್ಕತಂಗ್ಯಾರು," ಎಂದಳು. "ಕೆಂಪ ಕಾಲಿನಾಕಿ ಬ್ಯಾಡ. ಹಸರ ಕಾಲಿನಾಕಿನ್ನ ಕರಕೊಂಡ ಹೋಗು."

ಮನೆಯಲ್ಲಿ ಆಯಿ ದಂಟನ್ನು ಬೆರಳಲ್ಲಿ ಹೊರಳಿಸಿ, ಎಲೆಯನ್ನು ತುಟಿಗೆ ಹಚ್ಚಿ, ಇದ ಖರೇ ಎಂದಳು. ಆಮೇಲೆ, ದಾರಿಯಲ್ಲಿ ಮಾತಾಡಿಲ್ಲ ಹೌದಿಲ್ಲೋ ಎಂದು ಕೇಳಿದಳು. ನಾನು ತಲೆ ಅಲ್ಲಾಡಿಸಿದೆ. ಆಕೆಯ ಕಣ್ಣಿಗೆ ಪಟ್ಟಿಯಿತ್ತು. ತಲೆ ಅಲ್ಲಾಡಿಸಿದರೆ ಸಾಲುತ್ತಿರಲಿಲ್ಲ. "ಇಲ್ಲ ಆಯಿ," ಎಂದು ಬಾಯಿಬಿಟ್ಟು ಹೇಳಬೇಕಾಯಿತು.

ಮೂರು ಮುಂಜಾನೆ ಆಯಿ ಅದನ್ನು ಒರಳಿನಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸಿದಳು. ಅವ್ವ ಕಣ್ಣು ಮುಚ್ಚಿ ನುಂಗಿದಳು. ಲೋಟ ಅವಳ ಹಲ್ಲಿಗೆ ತಾಗುವ ಸಪ್ಪಳಕ್ಕೆ ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಸಾಲಿಯ ಏಸುವನ್ನೂ, ಮನೆಯ ಲಿಂಗಯ್ಯನನ್ನೂ, ಯಾರು ಮೊದಲು ಕೇಳುತ್ತಾರೋ ಅವರನ್ನು. ನಾಲ್ಕನೆಯ ದಿನ ಅವಳಿಗೆ ನಮ್ಮ ಗುರುತು ಹತ್ತಲಿಲ್ಲ. ದವಾಖಾನೆಗೆ ಒಯ್ದ ಎರಡನೆಯ ದಿನ ತೀರಿಕೊಂಡಳು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರರ ಮುಂದೆ ಇದನ್ನೆಲ್ಲ ಹೇಳಿದೆ. ಲಿವರು ಆಗಲೇ ಹೋಗಿರಬೇಕು, ಸೊಪ್ಪಿಗೂ ನಿಮ್ಮ ಮಾತಿಗೂ ಏನೂ ಸಂಬಂಧವಿಲ್ಲ ಎಂದರು. ತಲೆಗೆ ಅದು ತಿಳಿಯುತ್ತದೆ. ಎದೆ ಇನ್ನೂ ಆ ಬದುವಿನ ಮೇಲೇ ಎರಡೂ ಕೈ ಚಾಚಿಕೊಂಡು ನಿಂತಿದೆ. ಇದಕ್ಕಿಂತ ದೊಡ್ಡ ತಪ್ಪು ನಾನು ಅವ್ವ ಹೋದ ಮೇಲೆ ಮಾಡಿದ್ದು. ನನಗೆ ಗುರುತು ಹೇಳಿಕೊಟ್ಟಿದ್ದರಿಂದಲೇ ತನ್ನ ಕೈಗುಣ ಹೋಯಿತು, ಅದರಿಂದಲೇ ಸೊಸೆ ಹೋದಳು ಎಂದು ಆಯಿ ನಂಬಿದಳು. ಕಟ್ಟೆಗೆ ಬಂದವರಿಗೆಲ್ಲ, ನನ್ನ ಕೈ ಹೋಗೇದರಿ, ದವಾಖಾನಿಗೆ ಹೋಗ್ರಿ ಎಂದು ಕೈ ಮುಗಿದು ಕಳಿಸುತ್ತಿದ್ದಳು. ಕ್ರಮೇಣ ಹಕ್ಕರಕಿಯನ್ನೂ ಮುಟ್ಟುವುದು ಬಿಟ್ಟಳು. ಮಾರಲು ಬಂದವಳನ್ನು, ಇದು ಮೆಂತ್ಯನೋ ಮತ್ತೊಂದೋ ಎಂದು ಕೇಳುವಂತಾದಳು. ಮಾತಾಡಿದವಳು ನಾನು, ನಿನ್ನ ಕೈಯದೇನೂ ತಪ್ಪಿಲ್ಲ ಎಂದು ಒಂದು ಸಲ ಹೇಳಿದ್ದರೆ ಆಕೆ ಮತ್ತೆ ಬದುವಿಗೆ ಬಗ್ಗುತ್ತಿದ್ದಳೇನೋ. ಬಾಗಿಲ ಹಿಂದೆ ನಿಂತು ಎಲ್ಲ ನೋಡಿದೆ. ಹೇಳಲಿಲ್ಲ.

ಏಳು ವರ್ಷ ಹೀಗೇ ಕಳೆದವು. ಕೊನೆಯ ಹಾಸಿಗೆಯಲ್ಲಿ, ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಆಯಿ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಅವತ್ತ ನಿನಗ ಹೇಳಬಾರದಿತ್ತ, ಉಮಾ. ಹೇಳಿ ನಿಮ್ಮವ್ವನ್ನ ಕಳಕೊಂಡೆ."

ಬಾಯಿ ತೆರೆದೆ. ಆಕೆ ನನ್ನ ಮುಖವನ್ನೇ ನೋಡುತ್ತ ಕಾದಳು.

"ನೀರ ಕುಡೀತೀಯೇನ ಆಯಿ?" ಎಂದೆ.

ಎರಡು ಚಮಚ ಕುಡಿದು ಸಾಕೆಂದಳು. ಗದ್ದಕ್ಕಿಳಿದ ಹನಿಯನ್ನು ಓಢಣಿಯ ತುದಿಯಿಂದ ಒರೆಸಿದೆ. ಆಕೆ ಮೆಲ್ಲಗೆ ಗೋಡೆಯ ಕಡೆ ಹೊರಳಿದಳು.