ಗುಲ್ಮಾರ್ಗ್‌ನಲ್ಲಿ ಮಾಯವಾದ ಸ್ಕೀ ಹಲಗೆ

ಗುಲ್ಮಾರ್ಗ್‌ನ ಹಿಮದಲ್ಲಿ ನನ್ನ ಎರಡು ಸ್ಕೀ ಹಲಗೆಗಳಲ್ಲಿ ಒಂದು ಮಾಯವಾಗಿತ್ತು. ಗೆಳತಿ ಆಗಲೇ ಸಜ್ಜಾಗಿ ನಿಂತಿದ್ದಳು. ಸ್ಕೀ ಮಾಡುವ ಜಾಗದ ಸುತ್ತ ಹಗ್ಗ ಕಟ್ಟಿದ ಗಡಿಯಾಚೆ, ಯಾರೂ ತುಳಿಯದ ಇಳಿಜಾರಿನಲ್ಲಿ ಜಾರಬೇಕೆಂದು ನಾವಿಬ್ಬರೂ ಗುಟ್ಟಾಗಿ ನಿರ್ಧರಿಸಿದ್ದೆವು. ಹಳೆಯ ಗಟ್ಟಿ ಹಿಮದ ಮೇಲೆ ಹೊಸ ಹಿಮ ದಪ್ಪಗೆ ಬಿದ್ದಿದೆ, ಕುಸಿಯಬಹುದು, ಆ ಕಡೆ ಹೋಗಬೇಡಿ ಎಂದು ಗೈಡ್ ಬೆಳಿಗ್ಗೆಯೇ ಎಚ್ಚರಿಸಿದ್ದ. ನಾವು ಹೂಂ ಎಂದು ತಲೆಯಾಡಿಸಿದ್ದೆವು, ಅಷ್ಟೇ.

ನಮ್ಮೂರು ಮಕ್ತಲ್‌ನಿಂದ ನಮ್ಮ ಜೊತೆ ಬಂದಿದ್ದ ಸೋದರಮಾವ ಜೀವನವೆಲ್ಲ ಕುರಿ ಕಾಯ್ದವರು. ಕಂಬಳಿ ಹೊದ್ದು ಚಹಾ ಕುಡಿಯುತ್ತಾ ಕೂತಿದ್ದರು.

"ಮಾವ, ನನ್ನ ಹಲಗಿ ನೋಡೀರೇನು?" ಎಂದೆ.

"ನಾ ಯಾಕ ನೋಡ್ಲೆವ್ವಾ? ಒಂದ ಕಾಲಾಗ ಹೋಗಾಕ ಬರ್ತಿದ್ರ ಹೋಗು."

ಅರ್ಧ ಗಂಟೆ ಹುಡುಕಿದೆ. ಪಕ್ಕದ ಪ್ರವಾಸಿಗರ ಮೇಲೂ ರೇಗಿದೆ. ಅಷ್ಟರಲ್ಲಿ ಧಡ್ ಎಂದು ದೊಡ್ಡ ಸದ್ದಾಯಿತು. ನಾವು ಹೋಗಬೇಕಿದ್ದ ಇಳಿಜಾರೇ ಬಿರುಕು ಬಿಟ್ಟು, ಬಿಳಿ ಧೂಳೆಬ್ಬಿಸುತ್ತಾ ಕಣಿವೆಗೆ ಕುಸಿಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಮಾವ ಮೆಲ್ಲಗೆ ಎದ್ದರು. ಅವರು ಕೂತಿದ್ದ ಜಾಗದಲ್ಲಿ, ಹಿಮದಲ್ಲಿ ಹುದುಗಿಸಿಟ್ಟ ನನ್ನ ಹಲಗೆ ಇತ್ತು!

"ಗೈಡ್ ಹೇಳಿದ್ದು ನಿಮಗ ಕೇಳ್ಲಿಲ್ಲ. ನೀವು ಗುಸುಗುಸು ಅಂದದ್ದು ನನಗ ಕೇಳ್ತು. ತಗೋ, ಈಗ ಬೇಕಾದ್ರ ಹೋಗು," ಎಂದರು.

ಮಾವ ಇದನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಇವತ್ತಿನವರೆಗೆ ಗೊತ್ತಿಲ್ಲ. ಇದು ಅಚ್ಚಾಗುವ ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಇನ್ನು ಗೊತ್ತಾಗುತ್ತದೆ. ಅಮ್ಮ ಎಷ್ಟು ಬೇಕಾದರೂ ಬೈಯಲಿ. ಬೈಸಿಕೊಳ್ಳಲು ನಾನಿದ್ದೇನಲ್ಲ, ಅದೇ ದೊಡ್ಡದು.